ಬಿಸಿಲಿಗಿಂತ ಮೊದಲು ಏಳುವ ಮಗು: ಮುಂಬೈ ಬೇಸಿಗೆಯ ಮೊದಲ ವಾರಗಳಿಗೊಂದು ಮಾರ್ಗದರ್ಶಿ

ಹೋಳಿ ಮುಗಿಯುತ್ತಿದ್ದ ಹಾಗೆ ಮುಂಬೈಯ ಗಾಳಿ ಬದಲಾಗುತ್ತದೆ. ಹೊದ್ದುಕೊಳ್ಳುತ್ತಿದ್ದ ತೆಳು ಚಾದರ ಮೂಲೆ ಸೇರುತ್ತದೆ. ಮಾಟುಂಗಾದ ನಮ್ಮ ಗಲ್ಲಿಯಲ್ಲಿ ಕೋಗಿಲೆ ಬೆಳಗಿನ ಜಾವವೇ ಕೂಗಲು ಶುರುಮಾಡುತ್ತದೆ, ಅದರ ಹಿಂದೆಯೇ ನನ್ನ ಮಗನೂ ಏಳುತ್ತಾನೆ. ಅವನಿಗೀಗ ಎರಡು ವರ್ಷ ಎರಡು ತಿಂಗಳು. ಕಣ್ಣು ಬಿಟ್ಟ ಕ್ಷಣದಿಂದ ಓಟ. ನಮ್ಮದು ಎರಡು ಕೋಣೆಯ ಮನೆ, ಅವನ ಓಟಕ್ಕೆ ಹತ್ತು ಹೆಜ್ಜೆಗೇ ಗೋಡೆ ಸಿಗುತ್ತದೆ.

ಮಾರ್ಚ್ ಮೊದಲ ವಾರ ಒಂದು ತಪ್ಪು ಮಾಡಿದೆ. ಮನೆಗೆಲಸ ಎಲ್ಲ ಮುಗಿಸಿ, ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಹತ್ತಿರದ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋದೆ. ಚೆನ್ನಾಗಿ ಓಡಿಸಿದರೆ ಚೆನ್ನಾಗಿ ನಿದ್ದೆ ಮಾಡುತ್ತಾನೆ ಎಂಬ ಲೆಕ್ಕ. ತಗಡಿನ ಜಾರುಬಂಡೆ ಕಾದಿತ್ತು. ಚಡ್ಡಿಯ ಕೆಳಗೆ ಎರಡೂ ಮೀನಖಂಡ ಕೆಂಪಾದವು. ಅವನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಸಂಜೆ ನೋಡಿದರೆ ಬೆಳಗಿನಿಂದ ಒಂದೇ ಸಲ ಮೂತ್ರ ಮಾಡಿದ್ದ, ಅದೂ ಕಡು ಹಳದಿ. ಮಕ್ಕಳ ಡಾಕ್ಟರ್ ಗದರಲಿಲ್ಲ. "ಆಟ ಕಡಿಮೆ ಮಾಡಬೇಡಿ, ಹೊತ್ತು ಬದಲಿಸಿ" ಎಂದರು. ಆ ಒಂದು ಮಾತಿನ ಮೇಲೆ ನಮ್ಮ ಇಡೀ ದಿನವನ್ನು ಮತ್ತೆ ಜೋಡಿಸಿದೆವು. ಹೇಗೆ ಜೋಡಿಸಿದೆವು ಅಂತ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲ ಹಂತ: ದಿನವನ್ನು ಸೂರ್ಯನ ಪ್ರಕಾರ ಕತ್ತರಿಸಿ

ಮುಂಬೈಯಲ್ಲಿ ಮಾರ್ಚ್ ಮಧ್ಯದಲ್ಲಿ ಸೂರ್ಯ 6.45ರ ಸುಮಾರಿಗೆ ಹುಟ್ಟುತ್ತಾನೆ, ಏಪ್ರಿಲ್ ಕೊನೆಗೆ 6.15ಕ್ಕೆಲ್ಲ ಬೆಳಕು. ಮುಳುಗುವುದು ಏಳರ ಆಸುಪಾಸು. ನಡುವಿನ ಹೊತ್ತಿನಲ್ಲಿ ಎರಡು ತುಂಡು ಮಾತ್ರ ಮಗುವಿನ ಓಟಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ 6.30ರಿಂದ 8.30, ಸಂಜೆ 5.30ರಿಂದ 7.15. ಉಳಿದದ್ದು ಮನೆಯೊಳಗೆ.

ಇಲ್ಲಿನ ಬೇಸಿಗೆಯ ನಡತೆ ಬೇರೆ. ನನ್ನ ತವರು ವಿಜಯಪುರ, ಅಲ್ಲಿ ಬಿಸಿಲು ಜಾಸ್ತಿ ಆದರೂ ಬೆವರು ಬೇಗ ಆರುತ್ತದೆ, ಮೈ ತಂಪಾಗುತ್ತದೆ. ಮುಂಬೈಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಮೈಮೇಲೇ ನಿಲ್ಲುತ್ತದೆ. 33 ಡಿಗ್ರಿ ಎಂದು ಫೋನ್ ತೋರಿಸಿದರೂ ಮೈಗೆ ಅದಕ್ಕಿಂತ ಹೆಚ್ಚೇ ಅನ್ನಿಸುತ್ತದೆ. ಇನ್ನೊಂದು ವಿಷಯ. ಈ ತಿಂಗಳುಗಳಲ್ಲಿ ಬೆಳಿಗ್ಗೆ ಪೂರ್ವದ ಕಡೆಯಿಂದ ಒಣಗಾಳಿ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಬಂದು ಸ್ವಲ್ಪ ಇಳಿಸುತ್ತದೆ. ಸಮುದ್ರದ ಗಾಳಿ ತಡವಾದ ದಿನ ಬಿಸಿ ಏರುತ್ತಲೇ ಹೋಗುತ್ತದೆ. 2018ರಲ್ಲೂ 2021ರಲ್ಲೂ ಇದೇ ಮುಂಬೈಯ ಸಾಂತಾಕ್ರೂಜ್‌ನಲ್ಲಿ ಮಾರ್ಚ್‌ನಲ್ಲೇ 40 ಡಿಗ್ರಿ ದಾಟಿತ್ತು. ಹಾಗಾಗಿ "ಇನ್ನೂ ಮೇ ಬಂದಿಲ್ಲವಲ್ಲ" ಅಂತ ಸಡಿಲ ಬಿಡಬೇಡಿ.

ಚಿಕ್ಕ ಮಕ್ಕಳ ಮೈ ನಮ್ಮದಕ್ಕಿಂತ ಬೇಗ ಕಾಯುತ್ತದೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡದು, ಬೆವರುವುದು ಕಡಿಮೆ, ಬಾಯಾರಿಕೆ ಆಗಿದೆ ಅಂತ ಆಟದ ನಡುವೆ ನಿಂತು ಹೇಳುವುದಿಲ್ಲ. ಮುಖ ಕೆಂಪಾಗುವವರೆಗೆ ಕಾಯುವುದು ಬೇಡ.

ಹಾಗಂತ ಓಟಕ್ಕೆ ಕಡಿವಾಣವೂ ಬೇಡ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಅಲುಗಾಡುವ ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೊದಲ ಸಲ ಓದಿದಾಗ ಗಾಬರಿ ಆಯಿತು. ಆಮೇಲೆ ಗಮನಿಸಿದೆ, ಅದು ಇಡೀ ದಿನಕ್ಕೆ ಹಂಚಿದ ಲೆಕ್ಕ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ, ನಡುವೆ ಹಾಸಿಗೆ ಮೇಲೆ ಕುಣಿತ, ಅಡುಗೆಮನೆಯಲ್ಲಿ ಡಬ್ಬಿ ಎಳೆದಾಟ. ತಾನಾಗೇ ತುಂಬುತ್ತದೆ.

ಎರಡನೇ ಹಂತ: ಚೀಲ ರಾತ್ರಿಯೇ ಸಿದ್ಧವಿರಲಿ

ಬೆಳಿಗ್ಗೆ ಹುಡುಕುತ್ತಾ ಕೂತರೆ ಅರ್ಧ ಗಂಟೆ ತಂಪು ಹೋಗಿಬಿಡುತ್ತದೆ. ನೀರಿನ ಬಾಟಲಿ, ಅಗಲ ಅಂಚಿನ ಹತ್ತಿ ಟೋಪಿ, ಒಂದು ಜೊತೆ ಬಟ್ಟೆ, ಸಣ್ಣ ಟವೆಲ್, ಒಂದು ಬಾಳೆಹಣ್ಣು. ಇಷ್ಟು ಸಾಕು. ಸ್ಟ್ರಾಲರ್ ಮನೆಯಲ್ಲೇ ಬಿಡಿ. ನಮ್ಮ ಫುಟ್‌ಪಾತ್‌ಗಳಲ್ಲಿ ಅದನ್ನು ಎತ್ತಿ ಇಳಿಸುವುದೇ ಕೆಲಸ. ಸುಸ್ತಾದಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಳ್ಳೆಯದು.

ಮೂರನೇ ಹಂತ: ಬೆಳಗಿನ ನಡಿಗೆಯಲ್ಲಿ ಮುಂದಾಳು ಮಗು

ಇದು ನನಗೆ ಅತ್ಯಂತ ಪ್ರೀತಿಯ ಹೊತ್ತು. ನಾವು ಸಾಮಾನ್ಯವಾಗಿ ಫೈವ್ ಗಾರ್ಡನ್ಸ್ ಕಡೆ ಹೋಗುತ್ತೇವೆ. ಅದನ್ನು ಸುತ್ತುವರಿದ ದಾದರ್ ಪಾರ್ಸಿ ಕಾಲೊನಿಯನ್ನು ಮಂಚೇರ್‌ಜಿ ಜೋಶಿ ರೂಪಿಸಿದಾಗ ರಸ್ತೆಗೊಂದು ಜಾತಿಯ ಮರ ನೆಡಿಸಿದರು. ಫಿರ್ದೌಸಿ ರಸ್ತೆಯಲ್ಲಿ ಮಹಾಗನಿ, ಜಾಮೆ ಜಮ್‌ಶೇದ್ ರಸ್ತೆಯಲ್ಲಿ ಅಶೋಕ. ಸುಮಾರು ನೂರು ವರ್ಷದ ಹಿಂದೆ ಯಾರೋ ಯೋಚಿಸಿ ನೆಟ್ಟ ನೆರಳಿನಲ್ಲಿ ನನ್ನ ಮಗ ಇವತ್ತು ಓಡುತ್ತಾನೆ. ಅವನ ಹಿಂದೆ ಓಡುವಾಗೆಲ್ಲ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೊದಮೊದಲು ನಾನು ಅವನನ್ನು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ, ಉದ್ಯಾನ ಮುಟ್ಟಿದರೇ ಆಟ ಶುರು ಎಂಬಂತೆ. ಅವನಿಗೆ ಗೇಟಿನ ಹೊರಗಿನ ನಾಯಿಯೂ ಆಟವೇ, ಹಾಲಿನವನ ಕ್ಯಾನೂ ಆಟವೇ. ಈಗ ವಾಹನ ಓಡುವ ರಸ್ತೆ ದಾಟುವಾಗ ಮಾತ್ರ ಕೈ ಹಿಡಿಯುತ್ತೇನೆ. ಉದ್ಯಾನದೊಳಗೆ ಮತ್ತು ವಾಹನವಿಲ್ಲದ ಕಡೆ ಅವನು ಮುಂದೆ, ನಾನು ಎರಡು ಹೆಜ್ಜೆ ಹಿಂದೆ. ಅವನು ನಿಂತರೆ ನಾನೂ ನಿಲ್ಲುತ್ತೇನೆ. ಐದು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ ಬೇಕು, ಬೇಕಾದರೆ ಬೇಕು.

ಒಂದು ಬಟ್ಟೆಯ ಸಣ್ಣ ಚೀಲ ಅವನ ಹೆಗಲಿಗೆ ಹಾಕಿ ನೋಡಿ. ಮಾರ್ಚ್‌ನಿಂದ ಕಾಪರ್‌ಪಾಡ್ ಮರಗಳು ಹಳದಿ ಹೂ ಉದುರಿಸಲು ಶುರುಮಾಡುತ್ತವೆ, ಕೆಲವು ರಸ್ತೆಗೆ ಚಾಪೆ ಹಾಸಿದ ಹಾಗೆ. ಏಪ್ರಿಲ್ ಕೊನೆಗೆ ಗುಲ್‌ಮೊಹರ್ ಕೆಂಪು. ಒಣ ಎಲೆ, ಕಾಯಿ, ಕಾಗೆಯ ಗರಿ, ಎಲ್ಲ ಚೀಲದೊಳಗೆ. ಬಗ್ಗು, ಎತ್ತು, ಓಡು, ಹಾಕು. ಯಾವ ಆಟದ ಸಾಮಾನೂ ಇಷ್ಟು ವ್ಯಾಯಾಮ ಕೊಡುವುದಿಲ್ಲ. ಬಾಯಿಗೆ ಹಾಕದಂತೆ ಕಣ್ಣಿಡಿ, ಮನೆಗೆ ಬಂದ ಕೂಡಲೇ ಕೈ ತೊಳೆಸಿ.

ಕನ್ನಡ ಕಲಿಸಲೂ ಇದೇ ಹೊತ್ತು. ಮನೆಗೆಲಸಕ್ಕೆ ಬರುವವರು ಮರಾಠಿ, ಪಕ್ಕದ ಮನೆ ಗುಜರಾತಿ, ಕಟ್ಟಡದ ಮಕ್ಕಳು ಹಿಂದಿ. ಎಲ್ಲವೂ ಅವನಿಗೆ ಬೇಕು, ಬರಲಿ. ಆದರೆ ನಡಿಗೆಯಲ್ಲಿ ನಾನು ಕನ್ನಡವನ್ನೇ ಹಿಡಿಯುತ್ತೇನೆ. ಗುಬ್ಬಿ ಕಂಡು ಅವನು ಮರಾಠಿಯಲ್ಲಿ "ಚಿಮಣಿ" ಅಂದರೆ "ಹೌದು, ಗುಬ್ಬಿ" ಅನ್ನುತ್ತೇನೆ, ತಿದ್ದುವುದಿಲ್ಲ. ಮೊನ್ನೆ ಒಣ ಎಲೆ ತುಳಿದು ಅವನೇ "ಪರಪರ" ಅಂದ. ನಾನು ಕಲಿಸಿದ ಪದವಲ್ಲ, ಕುಂದಾಪುರದ ನಮ್ಮ ಅತ್ತೆಯಿಂದ ಬಂದದ್ದಿರಬೇಕು.

ವಾರಕ್ಕೆ ಎರಡು ದಿನ ದಿಕ್ಕು ಬದಲಿಸುತ್ತೇವೆ. ಒಂದು ದಿನ ಸ್ಟೇಷನ್ ಹತ್ತಿರದ ಹೂವಿನ ಅಂಗಡಿಗಳ ಸಾಲು. ಮಲ್ಲಿಗೆ, ಸೇವಂತಿಗೆ, ಬಾಳೆ ಎಲೆ ಕಟ್ಟುಗಳ ವಾಸನೆಗೇ ಅವನು ಸುಮ್ನೆ ನಿಂತುಬಿಡುತ್ತಾನೆ. ಇನ್ನೊಂದು ದಿನ ಮಾಟುಂಗಾ ರೋಡ್ ಕಡೆಗೆ ಹೋಗುವ ಜೆಡ್ ಬ್ರಿಜ್. ಕೆಳಗೆ ಲೋಕಲ್ ಹೋಗುವುದನ್ನು ಎತ್ತಿಕೊಂಡು ತೋರಿಸಿದರೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಆಫೀಸಿನ ಜನಜಂಗುಳಿ ಶುರುವಾಗುವ ಮೊದಲು, ಎಂದರೆ ಏಳೂವರೆಯೊಳಗೆ ಇಳಿದುಬಿಡಿ.

ಜಾರುಬಂಡೆ, ಉಯ್ಯಾಲೆಯ ಸರಪಳಿ, ಬೆಂಚು ಯಾವುದೇ ಇರಲಿ, ಮಗುವನ್ನು ಕೂರಿಸುವ ಮೊದಲು ನಿಮ್ಮ ಅಂಗೈಯ ಹಿಂಬದಿ ಐದು ಸೆಕೆಂಡ್ ಇಟ್ಟು ನೋಡಿ. ನಿಮಗೆ ಇಟ್ಟುಕೊಳ್ಳಲು ಆಗದಿದ್ದರೆ ಅವರಿಗೂ ಬೇಡ. ಪ್ಲಾಸ್ಟಿಕ್ ಕೂಡ ಕಾಯುತ್ತದೆ, ಉದ್ಯಾನಗಳ ರಬ್ಬರ್ ನೆಲ ಇನ್ನೂ ಜಾಸ್ತಿ.

ನಾಲ್ಕನೇ ಹಂತ: ಕೇಳುವ ಮೊದಲು ಕುಡಿಸಿ

ಈ ವಯಸ್ಸಿಗೆ ಹಾಲೂ ಸೇರಿ ದಿನಕ್ಕೆ ಸುಮಾರು ಒಂದು ಲೀಟರ್ ದ್ರವ ಬೇಕು. ಸೆಖೆಯಲ್ಲಿ ಓಡಾಡಿದ ದಿನ ಇನ್ನಷ್ಟು. ಆದರೆ ಹಾಲನ್ನೇ ಜಾಸ್ತಿ ಮಾಡಬೇಡಿ. ಅರ್ಧ ಲೀಟರ್ ದಾಟಿದರೆ ಹೊಟ್ಟೆ ತುಂಬಿ ಊಟ ಬಿಡುತ್ತಾರೆ, ಕಬ್ಬಿಣದ ಅಂಶವೂ ಕಡಿಮೆ ಬೀಳುತ್ತದೆ. ಆಟದ ನಡುವೆ ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ನೀರು. ನನ್ನ ಮಗ ಬಾಟಲಿ ಕಂಡರೆ ಓಡುತ್ತಿದ್ದ. ಅವನದೇ ಒಂದು ಪುಟ್ಟ ಸ್ಟೀಲ್ ಲೋಟ ಕೊಟ್ಟ ಮೇಲೆ ಕುಡಿಯುತ್ತಾನೆ, ಅರ್ಧ ಚೆಲ್ಲುತ್ತಾನೆ, ಪರವಾಗಿಲ್ಲ.

ಹನ್ನೊಂದಕ್ಕೆ ನೀರು ಮಜ್ಜಿಗೆ, ಅದಕ್ಕೆ ಚಿಟಿಕೆ ಜೀರಿಗೆ ಪುಡಿ. ನಾಲ್ಕಕ್ಕೆ ತೆಳ್ಳಗಿನ ರಾಗಿ ಅಂಬಲಿ. ಅತ್ತೆ ಊರಿಂದ ತಂದ ಪುನರ್ಪುಳಿ ಸಿಪ್ಪೆ ನೆನೆಸಿ, ಬೆಲ್ಲ ಸ್ವಲ್ಪವೇ ಹಾಕಿ ಕೊಡುತ್ತಾರೆ. ಇಲ್ಲಿ ಕೋಕಂ ಅಂತ ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕಲ್ಲಂಗಡಿ ಬೀಜ ತೆಗೆದು ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಇಡೀ ದ್ರಾಕ್ಷಿ ಈ ವಯಸ್ಸಿನ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆ. ರಸ್ತೆ ಬದಿಯಲ್ಲಿ ತಾಡ್‌ಗೋಳಾ ಎಂದು ಮಾರುವ ತಾಟಿನಿಂಗು ಬಂದಾಗ ಅದರ ಸಿಪ್ಪೆ ಸುಲಿದು ಸಣ್ಣಗೆ ಹೆಚ್ಚಿ, ಜಾರುವ ದೊಡ್ಡ ತುಂಡು ಬೇಡ. ಇಡೀ ಶೇಂಗಾ, ಚಿಕ್ಕಿ ಸದ್ಯಕ್ಕೆ ಬೇಡವೇ ಬೇಡ. ಗೋಲಾ ಗಾಡಿಯ ಐಸ್ ಯಾವ ನೀರಿನದೆಂದು ನಮಗೆ ಗೊತ್ತಿರುವುದಿಲ್ಲ, ಅದಕ್ಕೆ ನಾವು ಅದರ ಎದುರು ನಿಲ್ಲುವುದೇ ಇಲ್ಲ.

ಮನೆಯಲ್ಲಿ ಎರಡು ಒಆರ್‌ಎಸ್ ಪೊಟ್ಟಣ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದ, ಒಂದು ಲೀಟರ್ ನೀರಿಗೆ ಬೆರೆಸುವ ಪುಡಿಯನ್ನೇ ಕೇಳಿ ತನ್ನಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಅದರ ಜಾಗ ತುಂಬುವುದಿಲ್ಲ. ಪೊಟ್ಟಣವನ್ನು ಅರ್ಧ ಮಾಡಿ ಅಂದಾಜಿಗೆ ಬೆರೆಸಬೇಡಿ, ಪೂರ್ತಿ ಲೀಟರಿಗೆ ಬೆರೆಸಿ, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ.

ಐದನೇ ಹಂತ: ನಡುಹಗಲನ್ನು ಮನೆಯೊಳಗೆ ಗೆಲ್ಲುವುದು

ಮೊದಲು ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಬಿಟ್ಟು ಮುಂದೆ ಓದಬೇಡಿ. ಮುಂಬೈಯ ಬಹಳಷ್ಟು ಮನೆಗಳಿಗೆ ನಲ್ಲಿ ನೀರು ದಿನದಲ್ಲಿ ಕೆಲವೇ ಗಂಟೆ. ಆದ್ದರಿಂದ ಬಚ್ಚಲಲ್ಲಿ ಡ್ರಮ್ಮು, ಬಕೆಟ್ಟು ತುಂಬಿಡುವುದು ನಮ್ಮೆಲ್ಲರ ರೂಢಿ. ಎರಡು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಬಕೆಟ್‌ಗೆ ಬಗ್ಗಿ ತಲೆ ಕೆಳಗಾದರೆ ಮರಳಿ ಏಳಲು ಬಲ ಸಾಲದು. ಕೆಲವೇ ಇಂಚು ನೀರಿದ್ದರೂ ಸಾಕು, ಸದ್ದೂ ಆಗುವುದಿಲ್ಲ. ಡ್ರಮ್ಮಿಗೆ ಬಿಗಿ ಮುಚ್ಚಳ ಹಾಕಿ. ಬಕೆಟ್ ಬಳಸಿದ ಮೇಲೆ ಬೋರಲು ಹಾಕಿ. ಬಚ್ಚಲ ಬಾಗಿಲಿಗೆ ಹೊರಗಿನಿಂದ, ಮೇಲ್ಗಡೆ ಚಿಲಕ ಕೂರಿಸಿ. ನಮ್ಮಲ್ಲಿ ಬಡಗಿಗೆ ಹತ್ತು ನಿಮಿಷದ ಕೆಲಸ ಆಯಿತು. ಹಾಗೆಯೇ ಕಿಟಕಿ, ಬಾಲ್ಕನಿಯ ಹತ್ತಿರ ಇರುವ ಸ್ಟೂಲು, ಮಂಚ, ಸೋಫಾ ಎಲ್ಲ ಸರಿಸಿ. ಸೆಖೆಗೆ ಕಿಟಕಿ ತೆರೆದಿಡುವ ಕಾಲ ಇದು, ಹತ್ತುವ ಮಗುವಿಗೆ ಗ್ರಿಲ್ಲೂ ಏಣಿಯೇ.

ಇಷ್ಟಾದ ಮೇಲೆ ನೀರಾಟ. ಹತ್ತು ಗಂಟೆಗೆ ಸ್ನಾನದ ಹೊತ್ತಲ್ಲಿ ಅಗಲದ ತಟ್ಟೆಗೆ ಎರಡು ತಂಬಿಗೆ ನೀರು, ಒಂದು ಜಾಲರಿ ಸೌಟು, ಎರಡು ಲೋಟ. ತುಂಬಿಸು, ಸುರಿ. ನಾನು ಕೈಗೆಟಕುವಷ್ಟು ಹತ್ತಿರ, ಫೋನ್ ಹೊರಗೆ. ಮುಗಿದ ಮೇಲೆ ಆ ನೀರನ್ನು ಅವನೇ ಕುಂಡದ ತುಳಸಿಗೆ ಹಾಕುತ್ತಾನೆ.

ಊಟ ಹನ್ನೆರಡಕ್ಕೆ, ನಿದ್ದೆ ಒಂದಕ್ಕೆ. ಈ ವಯಸ್ಸಿನಲ್ಲಿ ಹಗಲಿನದೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಬೇಗ ಎದ್ದ ಮಗು ಹಗಲಿನ ನಿದ್ದೆ ಬಿಟ್ಟರೆ ಸಂಜೆಯ ಆಟವೆಲ್ಲ ಅಳುವಾಗುತ್ತದೆ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹನ್ನೆರಡಕ್ಕೇ ಎಳೆಯಿರಿ. ನನ್ನ ಅಪ್ಪ ವಿಜಯಪುರದಿಂದ ಕೂಲರ್ ಕಳಿಸುತ್ತೇನೆ ಎಂದರು, ಬೇಡ ಎಂದೆ. ಒಣ ಹವೆಯಲ್ಲಿ ಅದು ಸೊಗಸು. ಇಲ್ಲಿನ ಹಸಿ ಗಾಳಿಗೆ ಮತ್ತಷ್ಟು ತೇವ ಸೇರಿಸಿ ಸೆಖೆ ಹೆಚ್ಚಿಸುತ್ತದೆ. ಒದ್ದೆ ಬೆಡ್‌ಶೀಟ್ ಕಟ್ಟುವುದೂ ಹಾಗೆಯೇ. ಏಸಿ ಇದ್ದರೆ 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿ. ಇಲ್ಲದಿದ್ದರೆ ಮಲಗಿಸುವ ಮೊದಲು ಒದ್ದೆ ಬಟ್ಟೆಯಲ್ಲಿ ಕತ್ತು, ಕಂಕುಳು ಒರೆಸಿ, ತೆಳು ಹತ್ತಿಯ ಬನಿಯನ್ ಒಂದೇ ಸಾಕು.

ಕತ್ತಿನ ಮಡಿಕೆಯಲ್ಲಿ ಬೆವರುಗುಳ್ಳೆ ಎದ್ದರೆ ಪೌಡರ್ ಸುರಿಯಬೇಡಿ. ಬೆವರಿನ ರಂಧ್ರ ಮುಚ್ಚಿದ್ದರಿಂದಲೇ ಗುಳ್ಳೆ ಬಂದಿರುವುದು, ಪೌಡರ್ ಇನ್ನಷ್ಟು ಮುಚ್ಚುತ್ತದೆ, ಮಗುವಿನ ಉಸಿರಿಗೂ ಒಳ್ಳೆಯದಲ್ಲ. ತಣ್ಣೀರು, ಗಾಳಿ, ಸಡಿಲ ಬಟ್ಟೆ.

ಎದ್ದ ಮೇಲೆ ಮೊಬೈಲ್ ಕೊಡುವ ಆಸೆ ಬರುತ್ತದೆ, ಅಲ್ವಾ? ಎರಡು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾವು ದಿಂಬುಗಳ ಗುಡ್ಡ ಕಟ್ಟುತ್ತೇವೆ. ಹತ್ತು, ಬೀಳು, ಮತ್ತೆ ಹತ್ತು.

ಆರನೇ ಹಂತ: ಸಂಜೆ, ಗಾಳಿ ಇರುವ ಕಡೆ

ಸಂಜೆಗೆ ಸಮುದ್ರದ ಗಾಳಿಯನ್ನು ಹುಡುಕಿಕೊಂಡು ಹೋಗಿ. ನಮಗೆ ದಾದರ್ ಚೌಪಾಟಿ ಹತ್ತಿರ. ಹೋಗುವ ಮೊದಲು ಉಬ್ಬರದ ಹೊತ್ತು ನೋಡಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಉಬ್ಬರದ ಹೊತ್ತಲ್ಲಿ ಮರಳೇ ಉಳಿಯುವುದಿಲ್ಲ. ಐದೂವರೆಗೂ ಮರಳು ಬಿಸಿ ಇರಬಹುದು, ಗಾಜಿನ ಚೂರೂ ಇರುತ್ತದೆ, ಚಪ್ಪಲಿ ಬಿಚ್ಚಿಸಬೇಡಿ. ಭಾನುವಾರ ಜುಹೂ ಕಡೆಗೆ ಎರಡು ವರ್ಷದ ಓಡುವ ಮಗುವನ್ನು ಕರೆದೊಯ್ಯಲು ನನಗೆ ಧೈರ್ಯವಿಲ್ಲ. ಆ ಜನಸಾಗರದಲ್ಲಿ ಒಂದು ಕ್ಷಣ ಕಣ್ಣು ತಪ್ಪಿದರೂ ಕಷ್ಟ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಯಾವಾಗಲೂ ಇರಲಿ.

ಶಿವಾಜಿ ಪಾರ್ಕ್ ಆದರೆ ಮೈದಾನದ ನಡುವೆ ಬಿಡಬೇಡಿ, ಎಲ್ಲ ದಿಕ್ಕಿನಿಂದಲೂ ಕ್ರಿಕೆಟ್ ಚೆಂಡು ಬರುತ್ತದೆ. ಸುತ್ತಲಿನ ಕಟ್ಟೆಯ ಮೇಲೆ ಕೈ ಹಿಡಿದು ನಡೆಸಿ. ನನ್ನ ಮಗನಿಗೆ ಅದೇ ದೊಡ್ಡ ಸಾಹಸ.

ಏಳನೇ ಹಂತ: ವಾರಕ್ಕೊಂದೇ ದೊಡ್ಡ ತಿರುಗಾಟ

ನಮ್ಮದು ರಾಣಿಬಾಗ್. ಮೃಗಾಲಯವೂ ಇರುವ ಬೈಕುಲ್ಲಾದ ಈ ಉದ್ಯಾನ 19ನೇ ಶತಮಾನದ್ದು, ಮರಗಳೇ ಅದರ ಸಂಪತ್ತು. ಬುಧವಾರ ರಜೆ. ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಈ ಒಂದು ದಿನ ಮಾತ್ರ ಬೆಳಗಿನ ಹೊತ್ತಿನ ಲೆಕ್ಕ ಮುರಿಯುತ್ತೇವೆ, ಹಾಗಾಗಿ ತೆಗೆಯುವ ಹೊತ್ತಿಗೇ ಅಲ್ಲಿರಿ, ಹನ್ನೊಂದಕ್ಕೆ ಹೊರಬನ್ನಿ. ಎಲ್ಲವನ್ನೂ ತೋರಿಸುವ ಹಟ ಬೇಡ. ಒಂದು ಪ್ರಾಣಿ, ಒಂದು ಹಕ್ಕಿ, ಪೆಂಗ್ವಿನ್ ಇರುವ ತಣ್ಣನೆಯ ಕೋಣೆ. ಘಾರಾಪುರಿ (ಎಲಿಫೆಂಟಾ) ದ್ವೀಪದಿಂದ ತಂದ ಹಳೆಯ ಕಲ್ಲಾನೆ ಅಲ್ಲಿನ ಮ್ಯೂಸಿಯಂ ಬಳಿ ನಿಂತಿದೆ. ನನ್ನ ಮಗ ಅದಕ್ಕೆ ಬಾಳೆಹಣ್ಣು ಚಾಚಿ ಬಹಳ ಹೊತ್ತು ಕಾದ.

ಮಾಟುಂಗಾದಿಂದ ಸ್ಲೋ ಲೋಕಲ್ ಹಿಡಿದರೆ ಬೈಕುಲ್ಲಾ ಐದನೇ ಸ್ಟೇಷನ್. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬೆಳಗಿನ ಆಫೀಸ್ ಗದ್ದಲದಲ್ಲಿ ಮಗುವಿನ ಜೊತೆ ಹತ್ತಬೇಡಿ, ಶನಿವಾರವೂ ಗದ್ದಲ ಇರುತ್ತದೆ. ಭಾನುವಾರ ಹೋಗುವುದಾದರೆ ಹಿಂದಿನ ದಿನವೇ ಮೆಗಾಬ್ಲಾಕ್, ಎಂದರೆ ಹಳಿ ಕೆಲಸಕ್ಕೆ ರೈಲು ನಿಲ್ಲಿಸುವ ಹೊತ್ತು, ನೋಡಿ. ಮಾಟುಂಗಾ ಮತ್ತು ಮುಲುಂಡ್ ನಡುವೆ ಬಹಳ ಸಲ ಇರುತ್ತದೆ, ವಾಪಸು ಬರುವ ಹೊತ್ತಿಗೆ ಸುಡು ಪ್ಲಾಟ್‌ಫಾರ್ಮಿನಲ್ಲಿ ಕಾಯಬೇಕಾಗುತ್ತದೆ. ಕಾರು, ಟ್ಯಾಕ್ಸಿ ಆದರೆ, ನಿಂತ ವಾಹನದಲ್ಲಿ ಮಗುವನ್ನು ಎರಡು ನಿಮಿಷಕ್ಕೂ ಬಿಡಬೇಡಿ. ಗಾಜು ಸ್ವಲ್ಪ ಇಳಿಸಿದರೂ ಒಳಗೆ ಬೇಗನೆ ಕಾಯುತ್ತದೆ.

ಯುಗಾದಿ ದಿನ ನಾವು ಎಲ್ಲೂ ಹೋಗಲಿಲ್ಲ. ಅವತ್ತೇ ಇಲ್ಲಿ ಗುಡಿ ಪಾಡವಾ. ಬೆಳಿಗ್ಗೆ ಏಳಕ್ಕೆ ಗಲ್ಲಿಯಲ್ಲಿ ನಡೆದು ಕಿಟಕಿ ಕಿಟಕಿಯ ಗುಡಿ (ಕೋಲಿಗೆ ಬಟ್ಟೆ, ತಂಬಿಗೆ ಕಟ್ಟಿ ನಿಲ್ಲಿಸಿದ್ದು) ಎಣಿಸಿದೆವು. ಅವನಿಗೆ ಮೂರರ ನಂತರ ಎಲ್ಲವೂ "ಹತ್ತು".

ಕೊನೆಯದಾಗಿ: ಯಾವಾಗ ಆಟ ನಿಲ್ಲಿಸಬೇಕು

ಓಡುವ ಮಗು ತಾನಾಗಿ ಕೂತುಬಿಟ್ಟರೆ ಅದೇ ಮೊದಲ ಸೂಚನೆ. ನೆರಳಿಗೆ ಕರೆದು ನೀರು ಕೊಡಿ, ಬಟ್ಟೆ ಸಡಿಲಿಸಿ. ತುಟಿ ಒಣಗಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಆರು ಗಂಟೆ ಮೂತ್ರ ಮಾಡದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೈ ಕೆಂಡದಂತೆ ಸುಡುತ್ತಿದ್ದು ಮಗು ಮಂಕಾಗಿದ್ದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಕರೆದರೆ ಓಗೊಡದಿದ್ದರೆ, ಸೆಟೆದುಕೊಂಡರೆ ಒಂದು ಕ್ಷಣವೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಬಟ್ಟೆ ತೆಗೆದು, ಇಡೀ ಮೈಗೆ ನೀರು ಸವರಿ, ಗಾಳಿ ಬೀಸುತ್ತಿರಿ. ಪ್ರಜ್ಞೆ ಮಂಕಾದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಜ್ವರದ ಔಷಧಿ ಈ ಬಿಸಿಯನ್ನು ಇಳಿಸುವುದಿಲ್ಲ.

ಇಷ್ಟನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ನಾನು ಆಫೀಸಿಗೆ ಹೋದ ದಿನ ಅವನ ಜೊತೆ ಇರುವುದು ಅತ್ತೆ. ಕನ್ನಡಕ ಇಲ್ಲದೆಯೂ ಅವರಿಗೆ ಓದಲು ಆಗುತ್ತದೆಯೇ ಅಂತ ಓದಿಸಿ ನೋಡಿದೆ. 108 ಎಂಬ ಅಂಕಿಯನ್ನು ಇನ್ನೂ ದೊಡ್ಡದಾಗಿ ಬರೆ ಎಂದರು, ಬರೆದೆ.